ನಾನಿಲ್ಲದಾಗ ನನ್ನ ಹೆಸರಿನಲ್ಲಿ ಆಡುವ ಅವತಾರ

ಆನ್‌ಲೈನ್ ಆಟದ ಲೋಕದಿಂದ ನಾನು ಹೊರಬಂದ ಮೇಲೂ ನನ್ನ ಅವತಾರ, ಅಂದರೆ ಆಟದೊಳಗೆ ನನ್ನನ್ನು ಪ್ರತಿನಿಧಿಸುವ ಪಾತ್ರ, ಅಲ್ಲಿಯೇ ಉಳಿದು, ಎದುರಾದವರೊಡನೆ ತಾನಾಗಿಯೇ ವ್ಯವಹರಿಸಿದರೆ ಅದರ ನಡತೆಗೆ ಯಾರು ಹೊಣೆ? ಇದು ಮುಂದೆಂದೋ ಬರಲಿರುವ ಕಾಲದ ಪ್ರಶ್ನೆಯಲ್ಲ. ‘ಫೋರ್ಜಾ’ ಎಂಬ ಕಾರ್ ರೇಸಿಂಗ್ ಆಟಗಳಲ್ಲಿ ‘ಡ್ರೈವಟಾರ್’ ಎಂಬ ವ್ಯವಸ್ಥೆ 2005ರಲ್ಲಿಯೇ ಬಂದಿತ್ತು. 2013ರಲ್ಲಿ ಅದು ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ತಲುಪುವ ದೂರದ ಕಂಪ್ಯೂಟರುಗಳಿಗೆ) ಏರಿದ ಮೇಲೆ, ಆಟಗಾರರು ತಿರುವಿನಲ್ಲಿ ಎಲ್ಲಿ ಬ್ರೇಕ್ ಹಾಕುತ್ತಾರೆ, ಮುಂದಿನ ಕಾರನ್ನು ಹೇಗೆ ಹಿಂದಿಕ್ಕುತ್ತಾರೆ ಎಂಬುದನ್ನು ಕಲಿತ ಪ್ರತಿರೂಪವು ಅವರು ಇಲ್ಲದ ಹೊತ್ತಿನಲ್ಲಿ ಅವರದೇ ಹೆಸರು ಹೊತ್ತು ಅನ್ಯರ ರೇಸ್‌ಗಳಲ್ಲಿ ಓಡತೊಡಗಿತು. ಮನುಷ್ಯರಿಂದ ಕಲಿತದ್ದಕ್ಕೆ ಮನುಷ್ಯರ ಒರಟುತನವೂ ಅಂಟಿಕೊಂಡಿತು. ಡ್ರೈವಟಾರ್‌ಗಳ ಆಕ್ರಮಣಶೀಲತೆಗೆ ಕಡಿವಾಣ ಹಾಕುವ ಆಯ್ಕೆಯನ್ನು ತಯಾರಕರು ಆಮೇಲೆ ಸೇರಿಸಬೇಕಾಯಿತು.

ವಿಲ್ ರೈಟ್ ರೂಪಿಸಿದ, ಪಾತ್ರಗಳ ದಿನನಿತ್ಯದ ಬದುಕನ್ನು ನಡೆಸುವ ‘ದ ಸಿಮ್ಸ್’ (2000) ಎಂಬ ಕಂಪ್ಯೂಟರ್ ಆಟ ಈ ವಿಷಯದಲ್ಲಿ ಹೆಚ್ಚು ವಿವೇಕದ ಮಾದರಿಯೆಂದು ನನ್ನ ಅಭಿಪ್ರಾಯ. ಅಲ್ಲಿ ಜಾಣತನದ ಬಹುಪಾಲು ಇರುವುದು ಪಾತ್ರಗಳಲ್ಲಲ್ಲ, ವಸ್ತುಗಳಲ್ಲಿ: ಫ್ರಿಜ್ ತಾನು ಹಸಿವು ನೀಗಿಸಬಲ್ಲೆನೆಂದೂ ಹಾಸಿಗೆ ತಾನು ದಣಿವಾರಿಸಬಲ್ಲೆನೆಂದೂ ಸಾರುತ್ತಿರುತ್ತವೆ, ಪಾತ್ರವು ಆ ಕ್ಷಣದ ತನ್ನ ಅಗತ್ಯಗಳನ್ನು ತೂಗಿ ಒಂದನ್ನು ಆರಿಸಿಕೊಳ್ಳುತ್ತದೆ. ಈ ಸ್ವೇಚ್ಛೆ ಬೇಡವೆನಿಸಿದರೆ ಆಟಗಾರರು ಅದನ್ನು ನಿಲ್ಲಿಸಬಹುದು. ಆ ಒಂದು ಗುಂಡಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು ಭಾಷಾ ಮಾದರಿಯ (ಮನುಷ್ಯರಂತೆ ಮಾತು ಹೆಣೆಯುವ ಕೃತಕ ಬುದ್ಧಿಮತ್ತೆಯ) ಬಲದಿಂದ ಕಂಪ್ಯೂಟರಿನೊಳಗಿನ ಒಂದು ಪುಟ್ಟ ಊರಿನಲ್ಲಿ 25 ಪಾತ್ರಗಳನ್ನು ಬಾಳಿಸಿದರು. ಪ್ರತಿಯೊಂದು ಪಾತ್ರವೂ ಕಂಡದ್ದನ್ನೆಲ್ಲ ನೆನಪಿನ ಸರಣಿಯಾಗಿ ದಾಖಲಿಸಿ, ಎಷ್ಟು ಇತ್ತೀಚಿನದು, ಎಷ್ಟು ಮಹತ್ವದ್ದು, ಸಂದರ್ಭಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆಗಳಿಂದ ಬೇಕಾದ ನೆನಪನ್ನು ಹೊರತೆಗೆದು ದಿನಚರಿ ಹಾಕಿಕೊಳ್ಳುತ್ತಿತ್ತು. ಪ್ರೇಮಿಗಳ ದಿನಕ್ಕೆ ಔತಣಕೂಟ ನಡೆಸುವ ಆಸೆಯನ್ನು ಒಂದು ಪಾತ್ರದಲ್ಲಿ ಬಿತ್ತಿದ್ದಷ್ಟೇ. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಆಹ್ವಾನ ಪಡೆದ 12 ಪಾತ್ರಗಳಲ್ಲಿ 5 ಹೇಳಿದ ಹೊತ್ತಿಗೆ ಬಂದವು. ಈ ಫಲಿತಾಂಶ ನನ್ನಲ್ಲಿ ನಿಜವಾದ ಬೆರಗು ಹುಟ್ಟಿಸಿತು. ಆದರೆ ಅವು ಕೆಲವೊಮ್ಮೆ ನಡೆಯದ ಸಂಗತಿಗಳನ್ನೂ ಸೇರಿಸಿ ಹೇಳುತ್ತಿದ್ದವೆಂಬುದನ್ನು ಅದೇ ಸಂಶೋಧಕರು ದಾಖಲಿಸಿದ್ದಾರೆ.

ಊರಿನ ಕಲ್ಪಿತ ಪಾತ್ರ ಹಾಗೆ ಮಾತನಾಡಿದರೆ ನಷ್ಟವಿಲ್ಲ. ನನ್ನ ಹೆಸರಿನ ಅವತಾರವೇ ಗೆಳೆಯರ ತಂಡಕ್ಕೆ ಸುಳ್ಳು ಭರವಸೆ ಕೊಟ್ಟರೆ, ವರ್ಷಗಟ್ಟಲೆ ಆಡಿ ಗಳಿಸಿದ ವಸ್ತುವನ್ನು ವಿನಿಮಯ ಮಾಡಿಬಿಟ್ಟರೆ, ಕೇಳುವವರು ಅದನ್ನು ನನ್ನ ಮಾತೆಂದೇ ನಂಬಿರುತ್ತಾರೆ. ಆದ್ದರಿಂದ ಅವತಾರ ಸ್ವಯಂಚಾಲಿತವಾಗಿರುವಾಗ ಎದುರಿನವರಿಗೆ ತಟ್ಟನೆ ಕಾಣುವ ಗುರುತೊಂದು ಅದರ ಹೆಸರಿನ ಪಕ್ಕದಲ್ಲಿಯೇ ಇರಬೇಕು. ಮಾತು ಕೊಡುವ, ಕೊಳ್ಳುವ, ಮಾರುವ ಅಧಿಕಾರವನ್ನು ಒಡೆಯರು ತಾವಾಗಿಯೇ ಕೊಡುವ ತನಕ ಅದಕ್ಕೆ ಸಿಗಬಾರದು. ನಾನು ಮರಳಿ ಬಂದಾಗ, ನನ್ನ ಹೆಸರಿನಲ್ಲಿ ಯಾರೊಡನೆ ಏನು ನಡೆಯಿತೆಂಬ ಪೂರ್ಣ ದಾಖಲೆಯನ್ನು ಆಟವೇ ನನ್ನ ಮುಂದಿಡಬೇಕು.