ವ್ಯೂ ಬಿಟ್ಟು ಸ್ವೆಲ್ಟ್‌ಗೆ ಹೋಗಲಾ?

ಕೊಡಗಿನ ಶಾಂತಳ್ಳಿ ಕಡೆ ಜುಲೈ ಮಳೆ ಹಿಡಿದರೆ ಗೊತ್ತಲ್ಲ. ಕರೆಂಟ್ ಇಲ್ಲ, ಟವರ್ ಇಲ್ಲ, ತೋಟಕ್ಕೂ ಇಳಿಯೋ ಹಾಗಿಲ್ಲ. ಅಂಥ ಒಂದು ವಾರದಲ್ಲೇ ನನಗೆ ಈ ಹುಚ್ಚು ಹತ್ತಿದ್ದು: ನೋಟ್ಸ್ ಆ್ಯಪನ್ನು ವ್ಯೂ 2ರಿಂದ ಎತ್ತಿ ಸ್ವೆಲ್ಟ್‌ನಲ್ಲಿ ಹೊಸದಾಗಿ ಬರೆದುಬಿಡೋಣ ಅಂತ. ವ್ಯೂ, ಸ್ವೆಲ್ಟ್ ಎರಡೂ ಬ್ರೌಸರ್‌ನಲ್ಲಿ ಓಡೋ ಆ್ಯಪ್ ಕಟ್ಟೋಕೆ ಇರುವ ಫ್ರೇಮ್‌ವರ್ಕ್‌ಗಳು, ಅಂದರೆ ಸಿದ್ಧ ಚೌಕಟ್ಟುಗಳು.

ಆ್ಯಪ್ ದೊಡ್ಡದೇನಲ್ಲ. 2019ರಲ್ಲಿ ನನಗೋಸ್ಕರ ಬರೆದುಕೊಂಡಿದ್ದು, ಬಳಸೋರು ನಾನು ಮತ್ತು ಅಪ್ಪ ಇಬ್ಬರೇ. ನಾನು ಏನೇನೋ ಗೀಚಿಡುತ್ತೇನೆ. ಅಪ್ಪ ದಿನಾ ಬೆಳಿಗ್ಗೆ ರೈನ್ ಗೇಜ್ ನೋಡಿ ಬಂದು ‘3 ಇಂಚು 40 ಸೆಂಟ್’ ಅಂತ ಹಾಕುತ್ತಾರೆ, ಜೊತೆಗೆ ಎಷ್ಟು ಆಳು ಬಂದಿದ್ದರು, ಎಲ್ಲಿ ಮರ ಕಪಾತು (ಕೊಂಬೆ ಸವರೋದು) ಆಯಿತು ಅನ್ನೋದು. ಎಲ್ಲವೂ ಅವರವರ ಫೋನು, ಲ್ಯಾಪ್‌ಟಾಪಿನ ಬ್ರೌಸರ್ ಒಳಗೇ, ಅದರದ್ದೇ ಉಗ್ರಾಣವಾದ ಇಂಡೆಕ್ಸ್ಡ್‌ಡಿಬಿಯಲ್ಲಿ ಇರುತ್ತದೆ. ಹಾಗಾಗಿ ನೆಟ್ ಸತ್ತರೂ ಬರೆಯಬಹುದು.

ಬದಲಾಯಿಸೋಕೆ ಕಾರಣ ಇಲ್ಲದೇ ಇರಲಿಲ್ಲ. ವ್ಯೂ 2ಕ್ಕೆ 2023ರ ಡಿಸೆಂಬರ್ 31ಕ್ಕೇ ಅಧಿಕೃತ ಬೆಂಬಲ ನಿಂತಿದೆ. ವ್ಯೂ 3ಕ್ಕೆ ಹೋಗೋಣ ಅಂದರೆ ಅಲ್ಲಿ ಫಿಲ್ಟರ್‌ಗಳನ್ನೇ ತೆಗೆದುಹಾಕಿದ್ದಾರೆ. ನಾನೋ, ಮಿಲಿಮೀಟರನ್ನು ಇಂಚು-ಸೆಂಟ್ ಮಾಡಿ ತೋರಿಸೋಕೆ ಕಂಡಕಂಡಲ್ಲಿ ಫಿಲ್ಟರನ್ನೇ ಹಾಕಿಟ್ಟಿದ್ದೇನೆ (ಒಂದು ಇಂಚಿಗೆ ನೂರು ಸೆಂಟ್, ಅಂದರೆ 25.4 ಮಿಲಿಮೀಟರ್). ಹೇಗೂ ತಿದ್ದಲೇಬೇಕು, ಹಾಗಾದರೆ ಇಷ್ಟವಾದದ್ದರಲ್ಲೇ ಬರೆಯೋಣ ಅಲ್ವಾ? ಸ್ವೆಲ್ಟ್ ಬಿಲ್ಡ್ ಮಾಡುವಾಗಲೇ ಕೋಡನ್ನು ಸಾದಾ ಜಾವಾಸ್ಕ್ರಿಪ್ಟ್ ಮಾಡಿಬಿಡುತ್ತದೆ, ವರ್ಚುವಲ್ ಡಾಮ್ (ಪುಟದ ಒಂದು ನಕಲನ್ನು ಮೆಮೊರಿಯಲ್ಲಿಟ್ಟು ಹೋಲಿಸೋದು) ಗೋಜಿಲ್ಲ. ಆದರೆ ಅಲ್ಲೂ 2024ರ ಅಕ್ಟೋಬರ್‌ನಲ್ಲಿ 5ನೇ ಆವೃತ್ತಿ ಬಂದು ರೂನ್ಸ್ ಅಂತ ಕೋಡ್ ಬರೆಯೋ ಹೊಸ ದಾರಿ ಶುರುವಾಗಿದೆ. ನಾನು ಯಾವಾಗಲೋ ಕಲಿತಿದ್ದ ಸ್ವೆಲ್ಟ್ ಈಗ ಹಳೇ ಸ್ವೆಲ್ಟ್!

ಯುಪಿಎಸ್ ಇರುವಷ್ಟು ಹೊತ್ತು ಕೂತು ಒಂದು ಪುಟ ಬರೆದೆ. ತೆರೆದರೆ ಒಂದೂ ನೋಟ್ ಇಲ್ಲ. ಎದೆ ಧಸಕ್ ಅಂತು. ಆಮೇಲೆ ಹೊಳೆಯಿತು, ಹಳೇದು ಓಡುತ್ತಿದ್ದದ್ದು ವಿಳಾಸದ ಕೊನೆಗೆ ಬರೋ 8080 ಅನ್ನೋ ಪೋರ್ಟ್‌ನಲ್ಲಿ, ಸ್ವೆಲ್ಟ್ ಪುಟವನ್ನು ಓಡಿಸೋ ವೀಟ್ ಅನ್ನೋ ಸಾಧನ ಹಿಡಿದದ್ದು 5173. ಪೋರ್ಟ್ ಬೇರೆಯಾದರೂ ಬ್ರೌಸರ್‌ಗೆ ಅದು ಬೇರೆ ಮನೆ, ಆ ಮನೆಯ ಸಾಮಾನು ಈ ಮನೆಗೆ ಬರಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಆಗಿದ್ದಕ್ಕೆ ಸರಿ, ಹೊಸ ಆ್ಯಪನ್ನು ಬೇರೆ ವಿಳಾಸದಲ್ಲಿಟ್ಟು ಅಪ್ಪನ ಫೋನಿಗೆ ಕೊಟ್ಟಿದ್ದರೆ? ಇಷ್ಟು ವರ್ಷದ ಮಳೆ ಲೆಕ್ಕ ಕಾಣದೆ ಅವರು ಮನೆ ತಲೆ ಮೇಲೆ ಮಾಡುತ್ತಿದ್ದರು. ಅದೂ ಅಲ್ಲದೆ ಎಕ್ಸ್‌ಪೋರ್ಟ್ ಬಟನ್ ಅನ್ನೋದನ್ನೇ ನಾನು ಇನ್ನೂ ಮಾಡಿಲ್ಲ. ನಾಚಿಕೆಗೇಡು.

ಇನ್ನೊಂದಿದೆ. ‘ಕೊಯ್ಲು’ ಅಂತ ಹುಡುಕಿದರೆ ಅರ್ಧ ನೋಟ್‌ಗಳು ಸಿಗುತ್ತಿರಲಿಲ್ಲ, ಅದಕ್ಕೆ ನಾನು ಇಷ್ಟು ದಿನ ಹಳೇ ಫ್ರೇಮ್‌ವರ್ಕನ್ನೇ ಬೈಯುತ್ತಿದ್ದೆ. ಸ್ವೆಲ್ಟ್ ಪುಟವನ್ನು 8080ರಲ್ಲೇ ಓಡಿಸಿ ಹುಡುಕಿದರೆ ಅಲ್ಲೂ ಸಿಗಲಿಲ್ಲ! ನೋಡಿದರೆ, ಅಕ್ಷರಗಳಿಗೆ ಸಂಕೇತ ಕೊಡೋ ಯೂನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸೇರಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಬೇರೆ ಕಡೆಯಿಂದ ಅಂಟಿಸಿದ ಬರಹದಲ್ಲಿ ಎರಡನೇ ಥರದ್ದಿತ್ತು. ಸೇವ್ ಮಾಡುವಾಗ, ಹುಡುಕುವಾಗ ಎರಡೂ ಕಡೆ ನಾರ್ಮಲೈಸ್ ಮಾಡಿ (ಎರಡನ್ನೂ ಒಂದೇ ರೂಪಕ್ಕೆ ತಂದು), ಹಳೇ ನೋಟ್‌ಗಳನ್ನೂ ಒಮ್ಮೆ ಹಾಗೇ ಸೇವ್ ಮಾಡಿಸಿದೆ. ಹಳೇ ವ್ಯೂ 2ರಲ್ಲೇ ಎಲ್ಲ ಸಿಕ್ಕಿತು.

ಅಪ್ಪನನ್ನೂ ಕೇಳಿದೆ, ಆ್ಯಪ್ ನಿಧಾನ ಅನ್ನಿಸುತ್ತಾ ಅಂತ. “ನಿಧಾನ ಏನಿಲ್ಲ ಮಗ. ಆ ಸೆಂಟ್ ಹಾಕೋ ಜಾಗ ಸ್ವಲ್ಪ ದೊಡ್ಡದು ಮಾಡು, ಒದ್ದೆ ಕೈಲಿ ಒತ್ತಕ್ಕಾಗಲ್ಲ.”

ಹಾಗಾಗಿ ಸ್ವೆಲ್ಟ್ ಬೇಡ ಅಂತ ಮಾಡಿದ್ದೇನೆ. ಅದರ ತಪ್ಪೇನಿಲ್ಲ, ಬರೆಯೋಕೆ ಖುಷಿಯಾಗುತ್ತೆ, ಮುಂದೆ ಬೇರೆ ಏನಾದರೂ ಅದರಲ್ಲಿ ಮಾಡುತ್ತೇನೆ. ಈಗ ಮೊದಲು ಎಕ್ಸ್‌ಪೋರ್ಟ್ ಬಟನ್, ಆಮೇಲೆ ಅಪ್ಪನ ಸೆಂಟ್ ಡಬ್ಬಿ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮಳೆ ಹೊಳವಾಗುತ್ತೆ, ಆಗ ಅದೇ ವಿಳಾಸದಲ್ಲಿ ವ್ಯೂ 3. ಫಿಲ್ಟರ್ ಹಾಕಿದ ಜಾಗಗಳನ್ನು ನಿನ್ನೆ ಎಣಿಸಿದೆ, ಹದಿನಾಲ್ಕು.