ಡಿಸ್ಕ್ ಬೇಕೋ, ಒಳಗಿನದು ಬೇಕೋ

“ಸಾರ್, ನಿಮಗೆ ಡಿಸ್ಕ್ ಬೇಕಾ, ಒಳಗಿರೋದು ಬೇಕಾ?”

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಮಹಡಿಯ ಮೇಲಿನ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಕುಳಿತಿದ್ದ ಹುಡುಗ ನನ್ನ ಕೈಯಿಂದ ಹಾರ್ಡ್ ಡಿಸ್ಕನ್ನು ತೆಗೆದುಕೊಳ್ಳುವ ಮೊದಲೇ ಕೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೆ ಮೊದಲು ಇದೇ ಡಿಸ್ಕಿನ ಬಗ್ಗೆ ಸಲಹೆ ಕೊಟ್ಟವರಲ್ಲಿ ಯಾರೊಬ್ಬರೂ ಹಾಗೆ ಕೇಳಿರಲಿಲ್ಲ.

ಡಿಸ್ಕ್ ಶಿರಸಿಯ ಕಡೆಯ ನನ್ನ ಸೋದರಮಾವನದು. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದ ಅವರು ಎಂಬತ್ತರ ದಶಕದಿಂದಲೂ ಮಳೆಗಾಲದ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತು ಹೋಗಿ, ತೊಂಬತ್ತು ನಿಮಿಷದ ಕ್ಯಾಸೆಟ್ಟುಗಳನ್ನು ರಾತ್ರಿಯಿಡೀ ಮಗುಚಿ ಹಾಕುತ್ತ ಧ್ವನಿಮುದ್ರಣ ಮಾಡಿಕೊಂಡವರು. ಮಲೆನಾಡಿನ ಥಂಡಿಗೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯಲು ತೊಡಗಿದಾಗ ಅವನ್ನು ಒಂದೊಂದಾಗಿ ನುಡಿಸಿ, ಕಂಪ್ಯೂಟರಿಗೆ ವೈರ್ ಜೋಡಿಸಿ, ಎಂಪಿ3 ಕಡತಗಳನ್ನಾಗಿ ಮಾಡಿದ್ದರು. ಆಮೇಲೆ ಅವೆಲ್ಲ ಒಂದು ಟೆರಾಬೈಟಿನ ಪೋರ್ಟಬಲ್ ಡಿಸ್ಕಿಗೆ ಬಂದವು. ಕಳೆದ ಮಳೆಗಾಲದ ಆರಂಭದಲ್ಲಿ ಸಿಡಿಲು ಬಡಿದು ಹಳೆಯ ಕಂಪ್ಯೂಟರ್ ಹೋದ ಮೇಲೆ ಉಳಿದದ್ದು ಆ ಡಿಸ್ಕ್ ಒಂದೇ. ತಾಳಮದ್ದಳೆಯಲ್ಲಿ ಪದ್ಯವಾದರೆ ಅಚ್ಚಾದ ಪ್ರಸಂಗ ಪುಸ್ತಕದಲ್ಲಿ ಸಿಗುತ್ತದೆ. ಅರ್ಥ, ಎಂದರೆ ಆ ಪದ್ಯದ ಮೇಲೆ ಪಾತ್ರವಾದವನು ತಾನೇ ಕಟ್ಟಿ ಆಡುವ ಮಾತು, ಎಲ್ಲಿಯೂ ಸಿಗುವುದಿಲ್ಲ. ಕೃಷ್ಣಸಂಧಾನದಲ್ಲಿ ಕೌರವನಾದವನು ಕೃಷ್ಣನಾದವನಿಗೆ ಆ ರಾತ್ರಿ ಆ ಕ್ಷಣದಲ್ಲಿ ಹೊಳೆದು ಕೊಟ್ಟ ಉತ್ತರವನ್ನು ಮರುದಿನ ಅವನೇ ಮತ್ತೆ ಹಾಗೆಯೇ ಹೇಳಲಾರ. ಆದ್ದರಿಂದ ಮಾವನ ಡಿಸ್ಕಿನಲ್ಲಿ ಇದ್ದದ್ದು ಮತ್ತೊಂದು ಕಡೆ ಹುಡುಕಿ ತರಬಹುದಾದ ಸರಕಾಗಿರಲಿಲ್ಲ.

ಮೊದಮೊದಲು ಫೋಲ್ಡರುಗಳು ತೆರೆಯಲು ತಡ ಮಾಡತೊಡಗಿದವಂತೆ. ಬಳಿಕ ಒಂದು ಸಂಜೆ, ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ವಿಂಡೋಸಿನ ಸೂಚನೆ ಬಂದಿತು. ಪೇಟೆಯ ಕಂಪ್ಯೂಟರ್ ಅಂಗಡಿಯವರಿಗೆ ಫೋನ್ ಮಾಡಿದರೆ, “ಕೇಳಿದ ಹಾಗೆ ಫಾರ್ಮ್ಯಾಟ್ ಕೊಟ್ಬಿಡಿ ಮಾಸ್ತರೇ, ಸರಿಯಾಗ್ತದೆ” ಎಂಬ ಉತ್ತರ. ಮಾವ ಒತ್ತಲಿಲ್ಲ, ವೈರನ್ನು ಕಿತ್ತು ಪಕ್ಕಕ್ಕಿಟ್ಟು ನನಗೆ ಫೋನ್ ಮಾಡಿದರು. ಅರ್ಥವಾಗದ ಪ್ರಶ್ನೆಗೆ ಹೌದು ಎನ್ನಬಾರದೆಂಬ ಮಾಸ್ತರಿಕೆಯ ವಿವೇಕವೇ ಆ ಸಂಜೆ ಎಲ್ಲವನ್ನೂ ಉಳಿಸಿತು ಎಂದು ನಾನು ನಂಬಿದ್ದೇನೆ. ಫಾರ್ಮ್ಯಾಟ್ ಕೊಟ್ಟಿದ್ದರೆ, ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯ ಮೇಲೆ ಹೊಸ ಪಟ್ಟಿಯನ್ನು, ಅದೂ ಸಾಯುತ್ತಿರುವ ಡಿಸ್ಕಿನ ಮೇಲೆ, ಬರೆಸಿದಂತಾಗುತ್ತಿತ್ತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಡಿಸ್ಕನ್ನು ಫ್ರೀಜರಿನಲ್ಲಿ ಇಡಲು ಹೇಳಿದರು; ಹೊರತೆಗೆದಾಗ ಒಳಗೆ ಕೂರುವ ತೇವದ ಬಗ್ಗೆ ಅವರು ಯೋಚಿಸಿರಲಿಲ್ಲ. ಇನ್ನೊಬ್ಬರು ಚೆಕ್‌ಡಿಸ್ಕ್ ಓಡಿಸಲು ಹೇಳಿದರು. ಅದು ಆರೋಗ್ಯವಾಗಿರುವ ಡಿಸ್ಕಿನ ಲೆಕ್ಕಪತ್ರ ಸರಿಪಡಿಸುವ ಸಾಧನವೇ ಹೊರತು, ಓದಲಾರದೆ ಒದ್ದಾಡುತ್ತಿರುವ ಡಿಸ್ಕಿಗೆ ಮದ್ದಲ್ಲ.

ಬಸ್ಸಿನಲ್ಲಿ ಬಂದ ಡಿಸ್ಕನ್ನು ಹಿಡಿದು ನಾನು ಮೊದಲು ಹೋದದ್ದು ಕಂಪನಿಯ ಸೇವಾ ಕೇಂದ್ರಕ್ಕೆ. “ವಾರಂಟಿ ಇದೆ ಸಾರ್, ಇದನ್ನು ಇಲ್ಲೇ ಬಿಡಿ, ಬೇರೆ ಡಿಸ್ಕ್ ಕೊಡ್ತೀವಿ” ಎಂದು ಅಲ್ಲಿಯ ಹೆಣ್ಣುಮಗಳು ಸಂತೋಷದ ಸುದ್ದಿ ಹೇಳುವವರಂತೆ ಹೇಳಿದರು. ಒಳಗಿನ ಕಡತಗಳಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂಬುದು ಅರ್ಜಿಯ ಹಿಂಬದಿಯಲ್ಲಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮವನ್ನು ಅವರು ಮಾಡಿದ್ದಲ್ಲ. ಆದರೆ ಖಾಲಿ ಪೆಟ್ಟಿಗೆಯನ್ನು ಕೊಟ್ಟು ತುಂಬಿದ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದನ್ನು ಸೇವೆ ಎಂದು ಕರೆಯುವ ಏರ್ಪಾಡಿನಲ್ಲಿ ಏನೋ ಒಂದು ದೊಡ್ಡ ತಪ್ಪಿದೆ ಎಂದು ನನಗೆ ಅಂದು ಅನಿಸಿತು, ಇಂದಿಗೂ ಅನಿಸುತ್ತಿದೆ.

ಎಸ್.ಪಿ. ರಸ್ತೆಯ ಹುಡುಗನ ಪ್ರಶ್ನೆ ಬಂದದ್ದು ಇದಾದ ಮೇಲೆ. ಒಳಗಿರುವುದು ಬೇಕು ಎಂದೆ. “ಹಾಗಾದ್ರೆ ಮನೇಲಿ ಮತ್ತೆ ಆನ್ ಮಾಡಿ ನೋಡ್ಬೇಡಿ ಸಾರ್. ಇದು ಎಷ್ಟು ಸಲ ತಿರುಗತ್ತೆ ಅನ್ನೋದು ನಮಗೆ ಗೊತ್ತಿಲ್ಲ” ಎಂದನು. ಆತ ಮಾಡಿದ ಕೆಲಸಕ್ಕಿಂತ, ಮಾಡದೆ ಬಿಟ್ಟ ಕೆಲಸಗಳೇ ನನಗೆ ಹೆಚ್ಚು ನೆನಪಿವೆ. ಡಿಸ್ಕಿನ ಒಳಗನ್ನು ಅವನು ತೆರೆಯಲಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ, ಓದುವ ಮೊನೆಯು ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಆ ಅಂತರಕ್ಕೆ ಹೋಲಿಸಿದರೆ ರಸ್ತೆಯಿಂದ ಬರುವ ಧೂಳಿನ ಒಂದು ಕಣವೂ ಬಂಡೆಯೇ. ತಟ್ಟೆಯನ್ನು ತೆರೆಯುವ ಕೆಲಸ ಏನಿದ್ದರೂ ಗಾಳಿಯನ್ನು ಸೋಸಿದ ಕೋಣೆಯಲ್ಲಿಯೇ ಆಗಬೇಕು. ಒಳಗಿನಿಂದ ಒಂದೇ ಸಮನೆ ಟಕ್ ಟಕ್ ಶಬ್ದ ಬರುತ್ತಿದ್ದರೆ ತಾನು ಮುಟ್ಟುತ್ತಲೇ ಇರಲಿಲ್ಲ, ಅಂಥ ಕೋಣೆ ಇರುವವರಲ್ಲಿಗೆ ಕಳಿಸುತ್ತಿದ್ದೆ ಎಂದು ಅವನು ಸ್ಪಷ್ಟವಾಗಿ ಹೇಳಿದನು. ತನ್ನಿಂದ ಆಗದ್ದನ್ನು ಮೊದಲೇ ಹೇಳುವ ಕಸುಬುದಾರರು ಅಪರೂಪ.

ಹೊರಗಿನ ಪ್ಲಾಸ್ಟಿಕ್ ಕವಚವನ್ನು ಮಾತ್ರ ಬಿಡಿಸಿದನು. ಒಳಗೆ, ಕಂಪ್ಯೂಟರಿಗೆ ನೇರವಾಗಿ ಜೋಡಿಸಬಹುದಾದ ಸಾಟಾ ಕನೆಕ್ಟರ್ ಇದ್ದದ್ದು ನಮ್ಮ ಪುಣ್ಯ; ಈಚಿನ ಅನೇಕ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಗ ನೇರವಾಗಿ ಜೋಡಿಸಲು ಬರುವುದಿಲ್ಲ. ಲಿನಕ್ಸ್ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಪಟ್ಟಿಯನ್ನು ತೆರೆದು 197 ಎಂಬ ಸಂಖ್ಯೆಯ ಸಾಲನ್ನು ತೋರಿಸಿದನು. ಓದಲು ಬಾರದೆ ಬಾಕಿ ಉಳಿದ ಸೆಕ್ಟರುಗಳ, ಎಂದರೆ ಡಿಸ್ಕಿನ ಪುಟ್ಟಪುಟ್ಟ ಭಾಗಗಳ, ಎಣಿಕೆ ಅಲ್ಲಿತ್ತು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೋಡಿದಾಗ ಅದು ಏರಿತ್ತು.

ಬಳಿಕ ಡಿಸ್ಕಿಗೆ ಒಂದು ಪುಟ್ಟ ಫ್ಯಾನಿನ ಗಾಳಿ ಹಿಡಿದು, ಆಂಟೋನಿಯೊ ಡಿಯಾಜ್ ಡಿಯಾಜ್ ಎಂಬವರು ರೂಪಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟಿರುವ ಡಿಡಿರೆಸ್ಕ್ಯೂ ತಂತ್ರಾಂಶವನ್ನು ಓಡಿಸಿದನು. ಅದರ ರೀತಿ ನನಗೆ ಬಹಳ ಹಿಡಿಸಿತು. ಅದು ಕಡತಗಳನ್ನು ನೋಡುವುದಿಲ್ಲ. ಡಿಸ್ಕನ್ನು ಇಡಿಯಾಗಿ, ಸೆಕ್ಟರಿಗೆ ಸೆಕ್ಟರಾಗಿ, ಬೇರೆ ಗಟ್ಟಿ ಡಿಸ್ಕಿಗೆ ನಕಲು ಮಾಡುತ್ತದೆ. ಕೆಟ್ಟ ಜಾಗ ಸಿಕ್ಕಿದರೆ ಅಲ್ಲಿ ಹಟ ಹಿಡಿದು ಕೂರದೆ, ನಕ್ಷೆಯ ಕಡತವೊಂದರಲ್ಲಿ ಗುರುತು ಹಾಕಿಕೊಂಡು ಮುಂದಕ್ಕೆ ಹಾರುತ್ತದೆ. ಸುಲಭವಾಗಿ ಬರುವುದೆಲ್ಲ ಮೊದಲು ಬಂದ ಮೇಲೆ, ಬಿಟ್ಟುಬಂದ ಜಾಗಗಳಿಗೆ ಹಿಂದಿರುಗಿ ಅಂಚುಗಳಿಂದ ಸ್ವಲ್ಪಸ್ವಲ್ಪವಾಗಿ ಕೆರೆಯುತ್ತದೆ. ಹೆಚ್ಚಿನ ಭಾಗ ಬೇಗನೆ ಬಂದಿತು, ಉಳಿದ ಚೂರುಪಾರಿಗೆ ದಿನಗಳೇ ಹಿಡಿದವು. ಪರದೆಯ ಮೇಲೆ, ಕೊನೆಯ ಸಲ ಏನನ್ನಾದರೂ ಓದಲು ಆಗಿ ಎಷ್ಟು ಹೊತ್ತಾಯಿತು ಎಂದು ತೋರಿಸುವ ಒಂದು ಸಾಲು ಇರುತ್ತದೆ. ಅದು ಸೆಕೆಂಡು, ನಿಮಿಷ ಎಂದು ಬೆಳೆಯುತ್ತ ಹೋಗುತ್ತದೆ. ಎಲ್ಲೋ ಒಂದು ಸೆಕ್ಟರ್ ಬಾಯಿಬಿಟ್ಟೊಡನೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಕೆಲಸ ಮುಗಿಸಿ ಅಂಗಡಿಗೆ ಹೋದಾಗಲೆಲ್ಲ ನಾನು ಆ ಸಾಲಿನ ಮುಂದೆಯೇ ನಿಲ್ಲುತ್ತಿದ್ದೆ. ಊರಿನಿಂದ ಮಾವನ ಫೋನ್, ಪ್ರತಿ ಸಲವೂ ಅದೇ ಮಾತು: “ತಮಾ, ಅದು ಇದ್ದಾ, ಹೋತಾ?”

ಇತ್ತು, ಬಹುಪಾಲು ಇತ್ತು. ಬಾರದೆ ಉಳಿದದ್ದರ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ನೋಡಿದೆ. ಮಾವನ ಕಡತಗಳು 128 ಕೆಬಿಪಿಎಸ್‌ನವು, ಅಂದರೆ ಒಂದು ಸೆಕೆಂಡಿನ ಧ್ವನಿಗೆ 16,000 ಬೈಟು. ಒಂದು ಸೆಕ್ಟರ್ 4096 ಬೈಟು. ಹಾಗಾದರೆ ಓದಲಾಗದ ಒಂದು ಸೆಕ್ಟರ್ ಎಂದರೆ ಕಾಲು ಸೆಕೆಂಡಿನ ಮಾತು. ಅರ್ಥಧಾರಿಯ ಬಾಯಲ್ಲಿ ಅದು ಒಂದು ಅಕ್ಷರ, ಹೆಚ್ಚೆಂದರೆ ಎರಡು. ಎಂಪಿ3ಯು ಚಿಕ್ಕಚಿಕ್ಕ ತುಣುಕುಗಳ ಸಾಲಾದ್ದರಿಂದ ಒಂದು ತುಣುಕು ಹಾಳಾದರೂ ಮುಂದಿನದು ನುಡಿಯುತ್ತದೆ. ವಾಲಿವಧೆಯಲ್ಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಕಡೆ ಈಗ ಒಂದು ಕ್ಷಣ ಮಾತು ತಡವರಿಸಿದಂತೆ ಕೇಳಿಸುತ್ತದೆ, ಅಷ್ಟೆ.

ಹೆಚ್ಚಿನ ನಷ್ಟವಾದದ್ದು ಬೇರೆ ಕಡೆ. ಕಡತಗಳ ಹೆಸರು, ಜಾಗಗಳನ್ನು ಇಟ್ಟುಕೊಳ್ಳುವ ಪಟ್ಟಿಯ ಮೇಲೆಯೇ ಕೆಲವು ಕೆಟ್ಟ ಸೆಕ್ಟರುಗಳು ಬಿದ್ದಿದ್ದವು. ಒಂದಷ್ಟು ಫೋಲ್ಡರುಗಳು ಹೆಸರಿನೊಂದಿಗೇ ಬಂದವು. ಉಳಿದವನ್ನು ಕ್ರಿಸ್ಟೋಫ್ ಗ್ರೆನಿಯೆ ಅವರ ಫೋಟೊರೆಕ್ ತಂತ್ರಾಂಶದಿಂದ ಹೆಕ್ಕಬೇಕಾಯಿತು. ಅದು ಕಡತದ ಒಳರಚನೆಯನ್ನು ಗುರುತಿಸಿ ಎತ್ತುತ್ತದೆ, ಹೆಸರು ಅದಕ್ಕೆ ಸಿಗುವುದಿಲ್ಲ. ‘ಎಫ್’ ಅಕ್ಷರದ ಮುಂದೆ ಉದ್ದದ ಅಂಕಿ, ಹೀಗೆ ನೂರಾರು. ಯಾವ ಊರು, ಯಾವ ಪ್ರಸಂಗ, ಪದ್ಯ ಹಾಡಿದ ಭಾಗವತರು ಯಾರು, ಅರ್ಥ ಯಾರದು, ಮಾವ ವರ್ಷಗಟ್ಟಲೆ ಕೂತು ಬರೆದ ಈ ವಿವರ ಒಂದೂ ಇಲ್ಲ.

ಈಗ ಪ್ರತಿ ರಾತ್ರಿ ನಾನು ಫೋನಿನಲ್ಲಿ ಕೆಲವು ಕಡತಗಳನ್ನು ನುಡಿಸುತ್ತೇನೆ, ಮಾವ ಹೆಸರು ಹೇಳುತ್ತಾರೆ. ಅವರು ಮೊದಲು ಕೇಳಿಸಿಕೊಳ್ಳುವುದು ಮಾತನ್ನಲ್ಲ. ಭಾಗವತರ ಶ್ರುತಿ, ಮದ್ದಳೆಯ ಪೆಟ್ಟು, ಹಿಂದಿನಿಂದ ಬರುವ ಮಳೆಯ ಸದ್ದು. ಹೆಂಚಿನ ಮೇಲೆ ಬೀಳುವ ಮಳೆಯಾದರೆ ಇಂಥವರ ಮನೆ, ತಗಡಿನ ಮೇಲಿನದಾದರೆ ಇಂಥ ದೇವಸ್ಥಾನದ ಚಾವಡಿ ಎನ್ನುತ್ತಾರೆ. ಇದನ್ನು ಯಾವ ತಂತ್ರಾಂಶವೂ ಮಾಡಲಾರದು. ಅಂಗಡಿಯ ಹುಡುಗನ ಪ್ರಶ್ನೆ ನನ್ನನ್ನು ಇನ್ನೂ ಬಿಡದಿರುವುದು ಇದಕ್ಕಾಗಿ. ಒಳಗಿರುವುದು ಬೇಕು ಎಂದು ನಾನು ಥಟ್ಟನೆ ಹೇಳಿದ್ದೆ. ಆದರೆ ಒಳಗಿರುವುದರ ಅರ್ಧ ಡಿಸ್ಕಿನಲ್ಲಿ ಇರಲೇ ಇಲ್ಲ, ಎಂಬತ್ತರ ಹೊಸ್ತಿಲಿನಲ್ಲಿರುವ ಒಬ್ಬರ ತಲೆಯಲ್ಲಿತ್ತು. ನಕಲನ್ನು ನಾನು ಈಗ ಎರಡು ಡಿಸ್ಕುಗಳಲ್ಲಿ, ಎರಡು ಊರುಗಳಲ್ಲಿ, ಮತ್ತೊಂದನ್ನು ಕ್ಲೌಡಿನಲ್ಲಿ ಇರಿಸಿದ್ದೇನೆ. ಮಾವನ ನೆನಪಿಗೆ ಅಂಥ ಎರಡನೆಯ ಪ್ರತಿ ಇಲ್ಲ. ನಮ್ಮ ಸೀಮೆಯಲ್ಲಿ ಇಂಥ ಸಂಗ್ರಹ ಇಟ್ಟುಕೊಂಡ ಹಿರಿಯರು ಇನ್ನೂ ಎಷ್ಟೋ ಮಂದಿ ಇರಬೇಕು. ಅವರ ಮಕ್ಕಳು ಕಡತಗಳನ್ನು ನಕಲು ಮಾಡಿಕೊಳ್ಳುವುದರ ಜೊತೆಗೆ ಪಕ್ಕದಲ್ಲಿ ಕೂತು ಕೇಳಿ, ಹೆಸರುಗಳನ್ನೂ ಕಡತದ ಒಳಗೇ ಬರೆದಿಡಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತಿದೆ. ಕಡತದ ಒಳಗೇ ಬರೆದ ಹೆಸರು ಪಟ್ಟಿ ನಾಶವಾದರೂ ಕಡತದೊಂದಿಗೆ ಉಳಿಯುತ್ತದೆ. ನಾವೀಗ ಹಾಗೆಯೇ ಬರೆಯುತ್ತಿದ್ದೇವೆ.

ಮೊನ್ನೆ ರಾತ್ರಿ ಒಂದು ಕಡತ ಮಾವನಿಗೂ ಬಿಡಿಸಲಾಗಲಿಲ್ಲ. ಪ್ರಸಂಗ ಸುಧನ್ವಾರ್ಜುನ ಎಂಬುದು ಪದ್ಯದಿಂದ ತಿಳಿಯಿತು, ಸುಧನ್ವನ ಅರ್ಥ ಯಾರದೆಂದು ತಿಳಿಯಲಿಲ್ಲ. ತುಣುಕನ್ನು ಅವರ ಹಳೆಯ ಒಡನಾಡಿಯೊಬ್ಬರಿಗೆ ಕಳಿಸಿದೆವು. ಅವರು ಒಂದು ಹೆಸರು ಹೇಳಿದರು. ಮಾವ ಒಪ್ಪಲಿಲ್ಲ, ಆ ಕಲಾವಿದರು ಅಷ್ಟು ಬೇಗ ಅರ್ಥ ಮುಗಿಸಿ ಪದ್ಯಕ್ಕೆ ಬಿಟ್ಟುಕೊಡುವವರೇ ಅಲ್ಲ ಎನ್ನುವುದು ಅವರ ವಾದ, ಹೊತ್ತು ಮೀರಿದ್ದರೆ ಯಾರಾದರೂ ಬಿಟ್ಟುಕೊಡಲೇಬೇಕು ಎನ್ನುವುದು ಒಡನಾಡಿಯ ವಾದ. ಇಬ್ಬರೂ ದಿನಕ್ಕೊಂದು ಹೊಸ ಆಧಾರದೊಂದಿಗೆ ನನಗೆ ಫೋನ್ ಮಾಡುತ್ತಿದ್ದಾರೆ. ಸದ್ಯಕ್ಕೆ ಕಡತದಲ್ಲಿ ಎರಡೂ ಹೆಸರುಗಳನ್ನು ಬರೆದಿದ್ದೇನೆ, ಯಾರು ಯಾವುದನ್ನು ಹೇಳಿದರು ಎಂಬುದನ್ನೂ ಸೇರಿಸಿ.