ಮೆತ್ತಗಿದ್ದರೆ ಸಾಕು ಅಂದುಕೊಂಡಿದ್ದೆ

ಕನಕಪುರ ರಸ್ತೆ ಕಡೆಯ ಒಂದು ಹಿರಿಯರ ವಸತಿಯಲ್ಲಿ ಅಡುಗೆ ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಹೋಟೆಲ್ ಬ್ಯಾಂಕ್ವೆಟ್‌ನಲ್ಲಿದ್ದೆ. ಸಾವಿರ ಪ್ಲೇಟ್ ಊಟ ಕಳಿಸಿದವನಿಗೆ ಎಂಬತ್ತು ಜನರ ಅಡುಗೆ ಏನು ಕಷ್ಟ ಅಂದುಕೊಂಡೇ ಇಲ್ಲಿಗೆ ಬಂದದ್ದು.

ಎರಡನೇ ಮಹಡಿಯ ತಾತ ಮಂಡ್ಯ ಕಡೆಯವರು. ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಗಿತ್ತು. ಡಯಟ್ ಶೀಟಿನಲ್ಲಿ ಅವರ ಹೆಸರಿನ ಮುಂದೆ ಲೆವೆಲ್ ಫೋರ್, ಅಂದರೆ ನುಂಗಲು ಕಷ್ಟ ಇರುವವರಿಗೆ ಪೂರ್ತಿ ನುಣ್ಣಗೆ ರುಬ್ಬಿದ ಊಟ. ದಿನಾ ರುಬ್ಬಿದ ಅನ್ನ, ರುಬ್ಬಿದ ಬೇಳೆ, ರುಬ್ಬಿದ ತರಕಾರಿ. ನಾನು ಹತ್ತಿರ ಹೋದಾಗಲೆಲ್ಲ ಒಂದೇ ಮಾತು: "ಒಂದೇ ಒಂದು ತುತ್ತು ಮುದ್ದೆ ಹಾಕಪ್ಪ, ಬಸ್ಸಾರಿನ ಜೊತೆ."

ಮುದ್ದೆ ನುಂಗೋದು, ಅಗಿಯೋದಲ್ಲ ಅಲ್ವಾ. ಹುಟ್ಟಿದಾಗಿನಿಂದ ಕೇಳಿದ ಮಾತು. ಅಗಿಯಲಾಗದವರಿಗೆ ಇದಕ್ಕಿಂತ ಒಳ್ಳೆಯದು ಏನಿದೆ ಅನಿಸಿತು. ಎಸರು ಜಾಸ್ತಿ ಇಟ್ಟು, ಗಂಟಿಲ್ಲದ ಹಾಗೆ ಕೋಲಾಡಿಸಿ, ತುಪ್ಪ ಸವರಿ, ಬೆಣ್ಣೆಯಂಥ ಮುದ್ದೆ ಕಟ್ಟಿದೆ. ಬಸ್ಸಾರು ಸೋಸಿದೆ. ಯಾರನ್ನೂ ಕೇಳಲಿಲ್ಲ. ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ಬರುವುದು ಶನಿವಾರ, ಅವತ್ತು ಮಂಗಳವಾರ.

ಮೊದಲ ತುತ್ತು ಇಳಿಯಿತು. ತಾತ ಕಣ್ಣು ಮುಚ್ಚಿಕೊಂಡರು. ನನಗೆ ಎಷ್ಟು ಖುಷಿ ಆಯಿತು ಅಂದರೆ ಎರಡನೇ ತುತ್ತನ್ನು ನಾನೇ ಬಸ್ಸಾರಿನಲ್ಲಿ ಅದ್ದಿ ಕೊಟ್ಟೆ.

ಅವರ ಕೈ ಟೇಬಲ್ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಒಂದು ಕೆಮ್ಮು ಬಂತು. ಆಮೇಲೆ ಬಾಯಿ ತೆರೆದೇ ಇತ್ತು, ಸದ್ದೇ ಇಲ್ಲ. ನಾನು ನೀರು ತರಲು ಓಡಿದೆ. ಲೋಟ ಅವರ ತುಟಿಗೆ ಹಿಡಿಯುವಷ್ಟರಲ್ಲಿ ನರ್ಸ್ ನನ್ನ ಕೈ ತಳ್ಳಿದರು. ನೀರು ನನ್ನ ಏಪ್ರನ್ ಮೇಲೆಲ್ಲ ಚೆಲ್ಲಿತು. ತಾತನ ಎದೆಗೆ ಒಂದು ಕೈ ಕೊಟ್ಟು ಮುಂದಕ್ಕೆ ಬಾಗಿಸಿದರು. ಇನ್ನೊಂದು ಅಂಗೈಯಿಂದ ಹೆಗಲ ಮೂಳೆಗಳ ನಡುವೆ ಬಲವಾಗಿ ಹೊಡೆದರು. ಒಂದು. ಎರಡು. ಮೂರು. ಊಟದ ಹಾಲ್‌ನಲ್ಲಿ ಒಂದು ಚಮಚದ ಸದ್ದೂ ಇರಲಿಲ್ಲ. ನಾಲ್ಕನೆಯದಕ್ಕೆ ತುತ್ತು ಹೊರಗೆ ಬಿತ್ತು. ಇಡಿಯಾಗಿ ಬಿತ್ತು, ನಾನು ಅದ್ದಿಕೊಟ್ಟ ಆಕಾರದಲ್ಲೇ.

ಅಷ್ಟಕ್ಕೇ ಮುಗಿಯಲಿಲ್ಲ. ಶ್ವಾಸಕೋಶಕ್ಕೆ ಸ್ವಲ್ಪ ಇಳಿದಿದ್ದರೂ ನ್ಯುಮೋನಿಯಾ ಆಗಬಹುದು ಅಂತ ಮೂರು ದಿನ ಜ್ವರ ನೋಡುತ್ತಲೇ ಇದ್ದರು. ಆ ಮೂರು ದಿನವೂ ಬೆಳಗ್ಗೆ ಒಲೆ ಹಚ್ಚುವ ಮೊದಲು ನಾನು ಮೇಲೆ ಹೋಗಿ ಚಾರ್ಟ್ ನೋಡಿ ಬರುತ್ತಿದ್ದೆ. ಜ್ವರ ಬರಲಿಲ್ಲ.

ಶನಿವಾರ ಥೆರಪಿಸ್ಟ್ ಬೈಯಲಿಲ್ಲ. ಅದೇ ಥರ ಮುದ್ದೆ ಮಾಡಿಸಿ ಒಂದು ಚಮಚ ತೆಗೆದುಕೊಂಡು ಓರೆ ಮಾಡಿದರು. ಬೀಳಲಿಲ್ಲ. ಅಲುಗಿಸಿದರು, ಆಗಲೂ ಬೀಳಲಿಲ್ಲ. "ಮೆತ್ತಗಿದೆ, ಆದ್ರೆ ಅಂಟು" ಅಂದರು. ಲೆವೆಲ್ ಫೋರ್ ಅಂದರೆ ಚಮಚ ಓರೆ ಮಾಡಿದಾಗ ಒಟ್ಟಿಗೆ ಜಾರಿ ಬೀಳಬೇಕು, ಫೋರ್ಕ್ ಸಂದಿಯಿಂದ ಧಾರೆಯಾಗಿ ಸೋರಬಾರದು. ಆರೋಗ್ಯವಂತರ ಗಂಟಲು ತುತ್ತನ್ನು ತಳ್ಳುತ್ತದೆ. ಇವರ ಗಂಟಲಿಗೆ ಆ ಶಕ್ತಿ ಇಲ್ಲ, ಅಂಟಿದ್ದು ಅಲ್ಲೇ ಕೂರುತ್ತದೆ. ನಾವು ಹುಷಾರಿಲ್ಲದವರಿಗೆ ಪ್ರೀತಿಯಿಂದ ಕೊಡುವ ತೆಳು ರಸಂ ಅನ್ನವೂ ಇಂಥವರಿಗೆ ಅಪಾಯವಂತೆ. ಅನ್ನ ಬಾಯಲ್ಲಿರುವಾಗಲೇ ರಸಂ ಗಂಟಲಿಗೆ ಓಡಿಹೋಗುತ್ತದೆ. ಇಷ್ಟು ವರ್ಷ ಬೆರಳಲ್ಲಿ ಹಿಸುಕಿ ನೋಡಿ "ಮೆತ್ತಗಿದೆ" ಅಂತ ಕಳಿಸುತ್ತಿದ್ದವನು ನಾನು.

ಸೋಸಿದ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ತೆಳ್ಳಗೆ ಕಾಯಿಸಿ, ತುಪ್ಪ ಹಾಕಿ, ಬಸ್ಸಾರಿನ ಸೊಪ್ಪು ಕಾಳು ನುಣ್ಣಗೆ ರುಬ್ಬಿ ಸೋಸಿ ಬೆರೆಸಿದೆ. ಕಿಚನ್‌ನಲ್ಲಿ ಪಾಸಾಯಿತು. ಮೇಲೆ ಹೋಗಿ ನೋಡಿದರೆ ಫೇಲ್. ಲಿಫ್ಟ್‌ಗೆ ಕಾದು ಟ್ರಾಲಿ ಮುಟ್ಟುವಷ್ಟರಲ್ಲಿ ರಾಗಿ ಆರಿ ಬಿಗಿದುಕೊಂಡಿತ್ತು. ಈಗ ಚಿಕ್ಕ ಫ್ಲಾಸ್ಕ್‌ನಲ್ಲಿ ಸೋಸಿದ ಬಿಸಿ ಕಟ್ಟು ಜೊತೆಗೆ ಹೋಗುತ್ತದೆ. ಟೇಬಲ್ ಹತ್ತಿರವೇ ಸಡಿಲ ಮಾಡಿ, ಚಮಚ ಓರೆ ಮಾಡಿ ನೋಡಿದ ಮೇಲೇ ತಾತನಿಗೆ.

ತಪ್ಪು ನನ್ನದೇ. ಆದರೂ ಮ್ಯಾನೇಜ್‌ಮೆಂಟಿಗೆ ಹೇಳುತ್ತಲೇ ಇದ್ದೇನೆ: ಡಯಟ್ ಬದಲಾವಣೆಯನ್ನು ರಾತ್ರಿ ಹತ್ತೂವರೆಗೆ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಬೆಳಗ್ಗೆ ನಾಲ್ಕೂವರೆ ಶಿಫ್ಟಿನ ಹುಡುಗ ನೋಡುತ್ತಾನಾ? ಬೋರ್ಡ್ ಮೇಲೆ ಬರೆಯಿರಿ. ಹೋದ ತಿಂಗಳು ಬಿಪಿಗೆ ಒಳ್ಳೆಯದು ಅಂತ ಪರ್ಚೇಸ್‌ನವರು ಎಲ್ಲರಿಗೂ ಲೋ ಸೋಡಿಯಂ ಉಪ್ಪು ತರಿಸಿದರು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕುವುದಿಲ್ಲ, ನಮ್ಮಲ್ಲಿ ಕಿಡ್ನಿ ತೊಂದರೆಯವರು ನಾಲ್ಕು ಜನ ಇದ್ದಾರೆ. ಆ ಉಪ್ಪು ಬಳಸಬಹುದು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2025ರ ಸಲಹೆಯೂ ಕಿಡ್ನಿ ತೊಂದರೆ ಇರುವವರಿಗೆ ಅನ್ವಯಿಸುವುದಿಲ್ಲ. ಪ್ಯಾಕೆಟ್ ಒಡೆಯುವ ಮೊದಲು ನರ್ಸ್ ಹತ್ತಿರ ಕೇಳಿದೆ, ವಾಪಸ್ ಕಳಿಸಿದೆ. ಮಂಗಳವಾರ ನಾನು ಮಾಡಬೇಕಾಗಿದ್ದೂ ಅಷ್ಟೇ.

ತಾತ ಮೊನ್ನೆ ಬಟ್ಟಲು ಖಾಲಿ ಮಾಡಿ, "ಇದು ಮುದ್ದೆ ಅಲ್ಲ, ಆದ್ರೆ ನಮ್ಮೂರ ರಾಗಿ ವಾಸನೆ ಐತೆ" ಅಂದರು. ಈಗ ಹಿತಕಿದ ಅವರೆಬೇಳೆ ಕೇಳಿದ್ದಾರೆ. ರುಬ್ಬಿ, ಸೋಸಿ ಇಡುತ್ತೇನೆ. ಶನಿವಾರ ಬರಲಿ.